ಮೀಸೆಗೆ ಅಂಟಿದ ಕೆಂಪು

ನಾನು ಶವಾಗಾರದ ಬಾಗಿಲು ತೆರೆದರೆ ಸಾಕು, ಸತ್ತವರು ಎದ್ದು ಕೂತು ಹೇಳಿಕೆ ಕೊಡುತ್ತಾರೆ. ಕೆಲವರು ಕೆಳಗೆ ಸಹಿಯನ್ನೂ ಹಾಕಿದ್ದಾರೆ. ಒಬ್ಬ ವಕೀಲ ಮಾತ್ರ ಬದುಕಿದ್ದಾಗಿನಂತೆಯೇ ವಾದಕ್ಕೆ ಇಳಿದ. ಕೊನೆಗೆ ನಾನೇ, "ಸಾಕು, ಮಲಗಪ್ಪ" ಎಂದು ಗದರಿಸಿ ಹೊದಿಕೆ ಎಳೆಯಬೇಕಾಯಿತು. ನಂಬುವುದಿಲ್ಲವೇ? ಬಿಡಿ. ನನ್ನ ಹೆಂಡತಿಯೂ ನಂಬುವುದಿಲ್ಲ. ಆದರೂ ಸಂಸಾರ ನಡೆದಿದೆ.

ನಾನು ಪೊಲೀಸರ ವಿಷಪರೀಕ್ಷೆಯ ಪ್ರಯೋಗಾಲಯದಲ್ಲಿ ಸಹಾಯಕ. ಹೆಸರಿಗೆ ಸಹಾಯಕ, ಅಷ್ಟೇ. ನಾನು ರಜೆ ಹಾಕಿದ ದಿನ ಇಡೀ ಇಲಾಖೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತಿರುತ್ತದೆ. ನಮ್ಮ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಎನ್ನುತ್ತೇವೆ. ಅವರು ನನ್ನನ್ನು ಕೇಳದೆ ಒಂದು ಬಾಟಲಿಯ ಮುಚ್ಚಳವನ್ನೂ ತಿರುಗಿಸುವುದಿಲ್ಲ. ಬೇಕಾದರೆ ಮೀಸೆ ಮಾವನ ಸಾವನ್ನೇ ತೆಗೆದುಕೊಳ್ಳಿ.

* * *

ಆತನನ್ನು ಬೀದಿಯವರೆಲ್ಲ ಮೀಸೆ ಮಾವ ಎನ್ನುತ್ತಿದ್ದರು. ಕಾರಣ ಮುಖದ ಮೇಲೇ ಇತ್ತು. ಆ ಮೀಸೆಯ ಒಂದು ತುದಿಗೆ ಕೊಡೆ, ಇನ್ನೊಂದು ತುದಿಗೆ ಟೋಪಿ ನೇತುಹಾಕಬಹುದಿತ್ತು. ಮಧ್ಯದಲ್ಲಿ ಎರಡು ಗುಬ್ಬಿ ಸಂಸಾರ ಹೂಡಬಹುದಿತ್ತು. ಮನೆಗೆ ಎರಡು ಅಂತಸ್ತು. ಮೇಲೆ ಮಾವ ಮತ್ತು ಅವನ ಮಗಳು. ಕೆಳಗೆ ಅವನ ಅಕ್ಕನ ಮಗ ನಡೆಸುತ್ತಿದ್ದ ನಾಮಫಲಕದ ವರ್ಕ್‌ಶಾಪ್. ಬಣ್ಣಬಣ್ಣದ ಅಕ್ರಿಲಿಕ್ ಹಾಳೆ ಕತ್ತರಿಸಿ, ಅಕ್ಷರ ಮಾಡಿ, ಅಂಟಿಸಿ, ಒಳಗೆ ದೀಪ ಇಟ್ಟು ಕೊಡುವ ಕೆಲಸ.

ಮಗಳು ಆಸ್ಪತ್ರೆಯ ಆಪರೇಷನ್ ಥಿಯೇಟರ್‌ನಲ್ಲಿ ಅರಿವಳಿಕೆ ಯಂತ್ರದ ತಂತ್ರಜ್ಞೆ. ರೋಗಿಗಳ ಬಾಯಲ್ಲಿ ಅವಳು ನಿದ್ದೆ ಅಕ್ಕ. ಅಂದು ಬೆಳಿಗ್ಗೆ ಪಾಳಿ ಮುಗಿಸಿ ಬಂದಳು. ಚಹಾ ಮಾಡಿದಳು. ಲೋಟ ಹಿಡಿದು ಅಪ್ಪನ ಕೋಣೆಗೆ ಹೋದಳು. ಮಗ್ಗುಲಾಗಿ ಮಲಗುವ ಅಪ್ಪ ಅಂಗಾತ ಮಲಗಿದ್ದ. ಕೈ ತಣ್ಣಗಿತ್ತು. ಮೂಗಿನ ಕೆಳಗಿನಿಂದ ಗದ್ದದವರೆಗೆ ಚರ್ಮ ಕೆಂಪಾಗಿತ್ತು.

ಮನೆಯ ಡಾಕ್ಟರು ಬಂದರು. ನಾಡಿ ನೋಡಿದರು. ಪೆನ್ನು ತೆಗೆದರು.

"ಹೃದಯ ನಿಂತಿದೆಯಮ್ಮ. ವಯಸ್ಸಾಗಿತ್ತು."

"ಎಲ್ಲರ ಹೃದಯವೂ ನಿಂತೇ ಸಾಯೋದು ಡಾಕ್ಟ್ರೇ. ಇವರದ್ದು ಯಾಕೆ ನಿಂತಿತು?"

"ವಯಸ್ಸು ಅಂದ್ನಲ್ಲ."

"ಈ ಕೆಂಪು?"

"ಜೊಲ್ಲು ಸುರಿದಿರ್ಬೇಕು."

"ಜೊಲ್ಲಿಗೆ ಚರ್ಮ ಸುಡಲ್ಲ. ದಿನಾ ಮಲಗಿದವರ ಮುಖ ನೋಡೋದೇ ನನ್ನ ಕೆಲಸ. ಆ ಕಾಗದಕ್ಕೆ ಸಹಿ ಹಾಕ್ಬೇಡಿ."

ಅಷ್ಟರಲ್ಲಿ ಬಂಧುಗಳು ನೆರೆದರು. ಅಕ್ಕನ ಮಗ ಕೆಳಗಿನಿಂದ ಓಡಿಬಂದು ಮಾವನ ಕಾಲ ಮೇಲೆ ಬಿದ್ದು ಗೋಳಾಡಿದ. ಅವನ ತಾಯಿ, ಅಂದರೆ ಹುಡುಗಿಯ ಅತ್ತೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಳು.

"ಹೆತ್ತಪ್ಪನ್ನ ಕೊಯ್ಸೋಕೆ ಹೊರಟಿದ್ದೀಯಲ್ಲೇ! ನಿನ್ನ ಎದೆ ಏನು ಕಲ್ಲಾ?"

"ಕಲ್ಲೇ ಅತ್ತೆ. ಅದಕ್ಕೇ ಇನ್ನೂ ನಿಂತಿದ್ದೀನಿ."

ನಿಲ್ಲಲೂ ಇಲ್ಲ ಅವಳು. ಹೊಸಿಲಲ್ಲಿ ಕೂತಳು. ಬೆನ್ನು ಬಾಗಿಲ ಚೌಕಟ್ಟಿನ ಒಂದು ಬದಿಗೆ, ಕಾಲು ಇನ್ನೊಂದು ಬದಿಗೆ. "ಪೊಲೀಸರು ಬರೋವರೆಗೆ ಅಪ್ಪ ಇಲ್ಲೇ ಇರ್ತಾರೆ. ನನ್ನ ದಾಟ್ಕೊಂಡು ಯಾರು ಹೋಗ್ತೀರೋ ಹೋಗಿ, ನೋಡೋಣ."

ಯಾರೂ ದಾಟಲಿಲ್ಲ. ಪೊಲೀಸರು ಬಂದರು.

* * *

ಬಾಯಿ ಸುತ್ತ ಚರ್ಮ ಸುಟ್ಟಿದೆ ಎಂದು ಕೇಳಿದ ನಮ್ಮ ಮೇಡಂ, ಏನೋ ಆವಿ ಮೂಸಿಸಿರಬೇಕೆಂದು ಶಂಕಿಸಿ, ಶವಪರೀಕ್ಷೆ ಮಾಡುವ ಡಾಕ್ಟರಿಗೆ ಮೊದಲೇ ಫೋನ್ ಮಾಡಿದರು. ಮಾಡಿ ಎಂದು ಕಣ್ಸನ್ನೆ ಮಾಡಿದ್ದು ನಾನು.

"ರಕ್ತದ ಬಾಟಲಿ ಕಂಠಪೂರ್ತಿ ತುಂಬಿಸಿ. ಮೇಲೆ ಗಾಳಿಗೆ ಜಾಗ ಬೇಡ. ಶ್ವಾಸಕೋಶದ ತುಂಡು ಬೇರೆ ಡಬ್ಬಿಯಲ್ಲಿ, ಬಿಗಿ ಮುಚ್ಚಳ. ಸ್ಪಿರಿಟ್ ಸುರಿದು ಎಲ್ಲ ಕೆಡಿಸಬೇಡಿ. ಐಸಲ್ಲಿಟ್ಟು ಕಳಿಸಿ."

ಅರಿವಳಿಕೆಯ ಆವಿ ಬಾಡಿಗೆ ಕೊಡದ ಬಾಡಿಗೆದಾರನ ಹಾಗೆ. ಚೂರು ಕಿಂಡಿ ಕಂಡರೆ ಸದ್ದಿಲ್ಲದೆ ಪರಾರಿ. ಅರ್ಧ ತುಂಬಿದ ಬಾಟಲಿಯ ಮುಚ್ಚಳ ತೆಗೆದ ಕೂಡಲೇ ಸಾಕ್ಷಿ ಗಾಳಿಗೆ ಸೇರಿತು ಎಂದೇ ಲೆಕ್ಕ.

ನಮ್ಮಲ್ಲೊಂದು ಯಂತ್ರವಿದೆ. ಮುಚ್ಚಿದ ಬಾಟಲಿಯನ್ನು ಬೆಚ್ಚಗೆ ಮಾಡಿ, ಎದ್ದ ಆವಿಯನ್ನು ಹೀರಿ, ಅದರಲ್ಲಿರುವ ಒಂದೊಂದು ಪದಾರ್ಥಕ್ಕೂ ಪರದೆಯ ಮೇಲೆ ಒಂದೊಂದು ಗುಡ್ಡ ಬರೆಯುತ್ತದೆ. ಮೀಸೆ ಮಾವನ ರಕ್ತ ಒಂದು ಗುಡ್ಡ ಬರೆಯಿತು.

"ಕ್ಲೋರೋಫಾರ್ಮ್," ಎಂದ ಯಂತ್ರದ ಮುಂದೆ ಕೂತಿದ್ದ ಕೆಮಿಸ್ಟ್. ಎಲ್ಲರೂ ನಕ್ಕರು.

ಏಕೆ ನಕ್ಕರು ಎಂದು ಹೇಳಬೇಕು. ಕ್ಲೋರೋಫಾರ್ಮ್ ನಮ್ಮದೇ ಸರಕು. ಅಂಗಾಂಗಗಳಿಂದ ವಿಷ ಸೆಳೆದು ತೆಗೆಯಲು ನಾವು ಬಳಸುವುದೇ ಅದನ್ನು. ಕೋಣೆಯ ಗಾಳಿಯಲ್ಲೆಲ್ಲ ಅದರ ಆವಿ. ಯಾರ ರಕ್ತ ಇಟ್ಟರೂ ಯಂತ್ರ ಆ ಜಾಗದಲ್ಲಿ ಒಂದು ಪುಟ್ಟ ದಿಬ್ಬ ಬರೆಯುತ್ತದೆ. ಅದರ ಮೇಲೆ ಪೆನ್ನಿನಿಂದ ಗೀಟು ಎಳೆದು ಮುಂದಕ್ಕೆ ಹೋಗುವುದು ನಮ್ಮ ರೂಢಿ. ಗಿರಣಿಯವನ ಅಂಗಿಯ ಮೇಲೆ ಹಿಟ್ಟು ಕಂಡರೆ ಯಾರಾದರೂ ಕಳ್ಳತನ ಎನ್ನುತ್ತಾರೆಯೇ?

ಮೇಡಂ ಕೈಯಲ್ಲಿ ಪೆನ್ನಿತ್ತು. ಗೀಟು ಎಳೆಯಲಿಲ್ಲ. ನನ್ನತ್ತ ತಿರುಗಿದರು. "ಕುರಿಯ ರಕ್ತ ತನ್ನಿ."

ಕಟುಕನ ಅಂಗಡಿಗೆ ಬಾಟಲಿ ಹಿಡಿದು ಹೋದೆ.

"ಯಾರಿಗೆ ಸಾರ್?" ಎಂದ ಕಟುಕ.

"ಸಾಕ್ಷಿಗೆ."

"ಕುರಿ ಸಾಕ್ಷಿ ಹೇಳುತ್ತಾ?"

"ನಮ್ಮ ಇನ್‌ಸ್ಪೆಕ್ಟರಿಗಿಂತ ಚೆನ್ನಾಗಿ."

ಅದೇ ಥರದ ಬಾಟಲಿ. ಅದೇ ಮೇಜು. ಅದೇ ಗಾಳಿ. ಕುರಿಯ ರಕ್ತ ಬರೆದದ್ದು ಇರುವೆ ಗೂಡು. ಮೀಸೆ ಮಾವನದು ಬೆಟ್ಟ. ಪರದೆಯಲ್ಲಿ ಹಿಡಿಸಲಾರದೆ ಗೋಡೆಗೂ ಏರಿತು ಎಂದರೆ ಅದು ಅತಿಶಯೋಕ್ತಿಯಲ್ಲ. ಕ್ಲೋರೋಫಾರ್ಮನ್ನು ಮುಟ್ಟದ ಇನ್ನೊಂದು ಪ್ರಯೋಗಾಲಯಕ್ಕೆ ಮುಚ್ಚಳ ತೆಗೆಯದ ಎರಡನೇ ಬಾಟಲಿ ಹೋಯಿತು. ಅಲ್ಲೂ ಅದೇ ಬೆಟ್ಟ. ಶ್ವಾಸಕೋಶದಲ್ಲಿ ತುಂಬ, ಹೊಟ್ಟೆಯಲ್ಲಿ ಅತ್ಯಲ್ಪ.

"ನಮ್ಮ ಗಾಳಿಯಿಂದ ಬಂದದ್ದಲ್ಲ. ಕುಡಿಸಿದ್ದೂ ಅಲ್ಲ," ಎಂದರು ಮೇಡಂ. "ಮೂಗು ಬಾಯಿ ಮುಚ್ಚಿ ಉಸಿರಲ್ಲಿ ಎಳೆಸಿದ್ದಾರೆ. ಒದ್ದೆ ಬಟ್ಟೆ ಒತ್ತಿದ ಕಡೆ ಚರ್ಮ ಸುಟ್ಟಿದೆ."

ಸಿನಿಮಾದಲ್ಲಿ ಕರವಸ್ತ್ರ ಮೂಗಿಗೆ ತಾಗಿದ ಕೂಡಲೇ ನಾಯಕಿ ಬೀಳುತ್ತಾಳಲ್ಲ, ಅದೆಲ್ಲ ಸುಳ್ಳು. ಬಟ್ಟೆ ಒತ್ತಿ ಹಿಡಿದೇ ಇರಬೇಕು. ಅಂದರೆ ಕೊಂದವನು ಬಹಳ ಹೊತ್ತು ಆ ಮುಖ ನೋಡುತ್ತಲೇ ಇದ್ದ.

* * *

ಇನ್‌ಸ್ಪೆಕ್ಟರಿಗೆ ಯಾವ ಪ್ರಕರಣವಾದರೂ ಊಟದ ಹೊತ್ತಿಗೆ ಮುಗಿಯಬೇಕು. ವರದಿ ಕೇಳಿದ್ದೇ ತಡ, ನಿದ್ದೆ ಅಕ್ಕನನ್ನು ನಮ್ಮಲ್ಲಿಗೇ ಕರೆತಂದರು. ಮಹಿಳಾ ಪೇದೆಯೊಬ್ಬಳು ಅವಳ ತೋಳು ಹಿಡಿದಿದ್ದಳು.

"ಸತ್ತಿದ್ದು ಅರಿವಳಿಕೆಯಿಂದ. ಆ ಮನೇಲಿ ಅರಿವಳಿಕೆ ಕೆಲಸ ಮಾಡೋರು ಯಾರು? ನೀನು. ಪಾಳಿಗೆ ಹೊರಡೋ ಮುಂಚೆ ಮಾಡಿ ಹೋಗಿದ್ದೀಯ. ಮುಗೀತು."

"ಬಡಗಿ ಮನೇಲಿ ಯಾರಾದ್ರೂ ಮರದಿಂದ ಬಿದ್ರೆ, ಬಡಗಿನೇ ತಳ್ಳಿದ್ದಾ ಸಾರ್?"

"ನಾಲಿಗೆ ಉದ್ದ ನಿಂದು."

"ತೋಳು ಹಿಡಿಸಿದ್ದೀರಿ, ನಾಲಿಗೆನೂ ಹಿಡಿಸಿ. ಪರೀಕ್ಷೆ ಆಗ್ಲೇಬೇಕು ಅಂತ ಹೊಸಿಲಲ್ಲಿ ಕೂತಿದ್ದು ನಾನು. ಕೊಂದವಳು ಹಾಗೆ ಕೂರ್ತಾಳಾ?"

"ಅತಿ ಬುದ್ಧಿವಂತೆ ಕೂರ್ತಾಳೆ."

"ಅಷ್ಟು ಬುದ್ಧಿವಂತೆ ಆಗಿದ್ರೆ ಡಾಕ್ಟ್ರ ಕೈಲಿ ಸಹಿ ಹಾಕಿಸ್ಕೊಂಡು ಸುಮ್ನಿರ್ತಿದ್ದೆ." ಅವಳು ಮೇಡಂ ಕಡೆ ತಿರುಗಿದಳು. "ಕ್ಲೋರೋಫಾರ್ಮ್ ಆಸ್ಪತ್ರೆ ಬಿಟ್ಟು ನಮ್ಮಜ್ಜಿ ಕಾಲ ಆಯ್ತು. ಈಗ ನಮ್ಮಲ್ಲಿರೋ ಔಷಧಿಗಳೇ ಬೇರೆ. ಅವನ್ನೆಲ್ಲ ಹುಡುಕಿ ಮೇಡಂ, ಒಂದೂ ಬಿಡಬೇಡಿ. ಸಿಕ್ರೆ ನನ್ನನ್ನ ಜೈಲಿಗೆ ಕಳಿಸಿ. ಸಿಗದಿದ್ರೆ ಹುಡುಕೋದು ನಿಲ್ಲಿಸಬೇಡಿ. ಇವರು ನಿಲ್ಲಿಸು ಅಂದ್ರೂ ನಿಲ್ಲಿಸಬೇಡಿ."

ಹುಡುಕಿದೆವು. ಚುಚ್ಚಿ ಕೊಡುವವು, ಮೂಸಿಸುವವು, ಆಪರೇಷನ್ ಥಿಯೇಟರ್‌ನಲ್ಲಿ ಇರಬಹುದಾದ ಯಾವ ಅರಿವಳಿಕೆಯೂ ಮಾವನ ದೇಹದಲ್ಲಿರಲಿಲ್ಲ. ಇನ್‌ಸ್ಪೆಕ್ಟರ್ ಭುಜ ಕುಣಿಸಿದರು. ಆಸ್ಪತ್ರೆ ಅವಳನ್ನು ಅಮಾನತಿನಲ್ಲಿಟ್ಟಿತು. ಮನೆ ಬಿಟ್ಟು ಕದಲಬಾರದೆಂದು ಆಜ್ಞೆಯಾಯಿತು. ಆರೋಪಪಟ್ಟಿ ಒಂದೇ ಬಾಕಿ.

ಮಧ್ಯೆ ಎದುರುಮನೆಯ ಚಿಟ್ಟೆ ಮೇಷ್ಟ್ರನ್ನೂ ಎಳೆತಂದರು. ಚಿಟ್ಟೆ ಹಿಡಿದು, ಬಾಟಲಿಯಲ್ಲಿ ಪ್ರಾಣ ತೆಗೆದು, ಗುಂಡುಸೂಜಿ ಚುಚ್ಚಿಡುವ ಹವ್ಯಾಸ ಆತನದು. ಬಾಟಲಿಯಲ್ಲಿ ಇದ್ದದ್ದು ಉಗುರುಬಣ್ಣ ಅಳಿಸುವ ದ್ರವದ ದಾಯಾದಿ. ಕ್ಲೋರೋಫಾರ್ಮ್ ಅಲ್ಲ.

"ನನ್ನ ಕೈಲಿ ಚಿಟ್ಟೆಗಳು ಸತ್ತಿರೋದು ನಿಜ," ಎಂದರು ಮೇಷ್ಟ್ರು. "ಆದ್ರೆ ಆ ಮೀಸೆ ಹಿಡಿಸೋ ಬಾಟಲಿ ಎಲ್ಲಿದೆ ಸ್ವಾಮಿ?"

* * *

ಮೀಸೆ ಎಂದ ಕೂಡಲೇ ನನಗೆ ಮಿಂಚು ಹೊಡೆಯಿತು. ಮೇಡಂ ಜೊತೆ ಶವಾಗಾರಕ್ಕೆ ಹೋದೆ. ಹೊದಿಕೆ ಸರಿಸಿದೆ. ಮಾವ ಕಣ್ಣು ಬಿಟ್ಟು, "ಎಡಗಡೆ ನೋಡೋ ತಮ್ಮ" ಎಂದ.

ನೋಡಿದೆವು. ಮೀಸೆಯ ಬಲಭಾಗ ರೇಷ್ಮೆ. ಎಡಭಾಗದ ಕೂದಲು ಒಂದಕ್ಕೊಂದು ಅಂಟಿ, ಗಂಜಿ ಹಾಕಿದ ಕಾಲರಿನಂತೆ ಸೆಟೆದಿತ್ತು. ಮೇಡಂ ಅಲ್ಲಿಂದಲೇ ನಿದ್ದೆ ಅಕ್ಕನಿಗೆ ಫೋನ್ ಮಾಡಿದರು.

"ನಿಮ್ಮಪ್ಪ ಮೀಸೆಗೆ ಏನು ಹಚ್ತಿದ್ರು?"

"ಎಣ್ಣೆ. ಎಣ್ಣೆ ಬಿಟ್ಟು ಬೇರೆ ಏನೂ ಮುಟ್ಟೋಕೆ ಬಿಡ್ತಿರ್ಲಿಲ್ಲ."

ಎಣ್ಣೆ ಗಟ್ಟಿಯಾಗುವುದಿಲ್ಲ. ಕೂದಲು ಕತ್ತರಿಸಿ ತಂದು ಸೂಕ್ಷ್ಮದರ್ಶಕದ ಕೆಳಗಿಟ್ಟೆವು. ಎಳೆಗಳ ಸುತ್ತ ಗಾಜಿನಂಥ ತೆಳು ಪೊರೆ. ತಿಳಿ ಕೆಂಪು, ಅಲ್ಲಲ್ಲಿ ಹಳದಿಯ ಎಳೆ. ದಿಂಬಿನ ಚೀಲದ ಅಂಚಿನಲ್ಲೂ ಅದೇ. ಇನ್ನೊಂದು ಯಂತ್ರ ಅದರ ಜಾತಿ ಹೇಳಿತು. ಅಕ್ರಿಲಿಕ್. ಪ್ಲಾಸ್ಟಿಕ್.

ಮೇಡಂ ನಮ್ಮ ಶುದ್ಧ ಕ್ಲೋರೋಫಾರ್ಮಿನ ಒಂದು ಹನಿಯನ್ನು ಗಾಜಿನ ಮೇಲೆ ಬಿಟ್ಟರು. ಆರಿತು. ಗಾಜು ಮೊದಲಿನಂತೆಯೇ ಇತ್ತು.

"ಶುದ್ಧವಾದದ್ದು ಹೋಗುವಾಗ ಏನನ್ನೂ ಬಿಟ್ಟು ಹೋಗಲ್ಲ," ಎಂದರು. "ಮಾವನ ಮುಖದ ಮೇಲಿಂದ ಹಾರಿದ್ದು ಪ್ಲಾಸ್ಟಿಕ್ ಬಿಟ್ಟು ಹೋಗಿದೆ. ಕ್ಲೋರೋಫಾರ್ಮಲ್ಲಿ ಪ್ಲಾಸ್ಟಿಕ್ ಕರಗಿಸಿ ಇಟ್ಕೊಳ್ಳೋರು ಯಾರು?"

ಇನ್‌ಸ್ಪೆಕ್ಟರ್ ಕೂಡ ಈ ಸಲ ಊಟದ ಮಾತೆತ್ತಲಿಲ್ಲ.

* * *

ವರ್ಕ್‌ಶಾಪಿನ ಗೋಡೆಗೆ ದೊಡ್ಡ ದೊಡ್ಡ ಕೆಂಪು ಅಕ್ಷರಗಳು ಒರಗಿ ನಿಂತಿದ್ದವು. ನೆಲದಲ್ಲಿ ಹಳದಿ ಚೂರು. ಒಳಮೂಲೆಯಿಂದ ಮೇಲಂತಸ್ತಿಗೆ ಮೆಟ್ಟಿಲು. ನಿದ್ದೆ ಅಕ್ಕ ಪೇದೆಯ ಕಾವಲಿನಲ್ಲಿ ಆ ಮೆಟ್ಟಿಲ ಮೇಲೆಯೇ ನಿಂತಿದ್ದಳು. ಅಕ್ಕನ ಮಗ ಎರಡು ಹಾಳೆಗಳ ಅಂಚು ಜೋಡಿಸಿ, ನಡುವೆ ಕುಂಚದಿಂದ ದ್ರವ ಹರಿಸುತ್ತಿದ್ದ. ಕ್ಷಣದಲ್ಲಿ ಎರಡೂ ಒಂದಾದವು.

"ಚೆನ್ನಾಗಿ ಅಂಟುತ್ತೆ," ಎಂದರು ಮೇಡಂ.

"ಕ್ಲೋರೋಫಾರ್ಮ್ ಮೇಡಂ. ಅಂಚನ್ನ ಕರಗಿಸಿ ಕೂಡಿಸುತ್ತೆ. ಈ ಬೀದೀಲಿ ನನ್ನಂಥ ಜೋಡಣೆ ಯಾರಿಗೂ ಬರಲ್ಲ." ಅವನು ಬಚ್ಚಿಡಲಿಲ್ಲ. ಬದಲಿಗೆ ಮೆಟ್ಟಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಮನೇಲೇ ಸಿಗುತ್ತೆ ನೋಡಿ ಕೆಲವರಿಗೆ."

"ಅಂದ್ರೆ ಅವರು ಇಲ್ಲಿಂದ ಕದ್ದಿರಬಹುದು?"

"ನಾನು ಹೇಗೆ ಹೇಳ್ಲಿ?"

"ಡಬ್ಬಿ ಬೀದಿಗೆ ಬಿದ್ದಿರುತ್ತೇನೋ. ಯಾರು ಬೇಕಾದ್ರೂ ಮುಟ್ಟಬಹುದು."

ಅವನ ಅಭಿಮಾನಕ್ಕೆ ಪೆಟ್ಟು ಬಿತ್ತು. "ನನ್ನ ವರ್ಕ್‌ಶಾಪಲ್ಲಾ? ಡಬ್ಬಿ ಕಪಾಟಲ್ಲಿ, ಬೀಗದ ಕೈ ನನ್ನ ಸೊಂಟದಲ್ಲಿ. ಕೆಲಸದವರಿಗೂ ಕೊಡಲ್ಲ."

"ಬಟ್ಟಲಲ್ಲಿ ಉಳಿದದ್ದನ್ನ ಚೆಲ್ತೀರಾ?"

"ಚೆಲ್ಲೋದಾ! ಹನಿ ಹನಿ ವಾಪಸ್ ಡಬ್ಬಿಗೆ. ನಮ್ಮ ಕಸುಬಲ್ಲಿ ಎಲ್ಲರೂ ಹಾಗೇನೇ."

"ಮಾವ ಕೆಳಗೆ ಬಂದು ಇದನ್ನೆಲ್ಲ ಮುಟ್ಟಿ ನೋಡ್ತಿದ್ರಾ?"

"ಮಾವನಾ? ಈ ವಾಸನೆ ಅಂದ್ರೆ ಆಗ್ತಿರ್ಲಿಲ್ಲ. ಈ ಮೆಟ್ಟಿಲು ಇಳಿದು ಎಷ್ಟೋ ತಿಂಗಳಾಗಿತ್ತು."

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಅದು ಅವರ ಕತ್ತಿ ಒರೆಯಿಂದ ಹೊರಬರುವ ರೀತಿ.

"ಕುಂಚ ಅದ್ದಿದ ಬಟ್ಟಲಲ್ಲಿ ಪ್ಲಾಸ್ಟಿಕ್ ಕರಗಿರುತ್ತೆ. ಅದನ್ನ ಡಬ್ಬಿಗೆ ಸುರಿದ್ರೆ ಡಬ್ಬೀಲೂ ಕರಗಿರುತ್ತೆ. ಕೆಂಪು ಬೋರ್ಡು ಮಾಡಿದಾಗ ಕೆಂಪು, ಹಳದಿ ಮಾಡಿದಾಗ ಹಳದಿ. ನಿಮ್ಮ ಡಬ್ಬೀಲಿರೋ ಬೆರಕೆ ನಿಮ್ಮದೇ. ಆ ಬೆರಕೆ ನಿಮ್ಮ ಮಾವನ ಮೀಸೇಲಿದೆ. ಮಾವ ಇಲ್ಲಿಗೆ ಬಂದಿಲ್ಲ. ಡಬ್ಬಿ ಬೇರೆಯವರ ಕೈಗೆ ಸಿಗಲ್ಲ. ಹಾಗಾದ್ರೆ ಮೇಲಕ್ಕೆ ತಗೊಂಡು ಹೋದವರು ಯಾರು?"

ಕುಂಚ ಅವನ ಕೈಯಿಂದ ಜಾರಿತು. "ಅದು... ಅದು ಹಾರಿಹೋಗುತ್ತೆ. ಏನೂ ಉಳಿಯಲ್ಲ."

"ಶುದ್ಧವಾಗಿದ್ದಿದ್ರೆ ಉಳೀತಿರ್ಲಿಲ್ಲ."

ಮೆಟ್ಟಿಲ ಮೇಲಿನಿಂದ ನಿದ್ದೆ ಅಕ್ಕನ ದನಿ ಬಂತು. ಅಳುವ ದನಿಯಲ್ಲ. "ಅಪ್ಪ ನಿಂಗೆ ಜಾಗ ಖಾಲಿ ಮಾಡು ಅಂದಿದ್ರು. ಈ ಹೊಗೆ ಕುಡಿದು ಕೆಲಸದವರು ಕೆಮ್ಮಿ ಸಾಯ್ತಾರೆ, ನಾನೂ ಸಾಯ್ತೀನಿ ಅಂದಿದ್ರು. ಅದಕ್ಕಾ ಭಾವ?"

"ಈ ಕೈಯಾರೆ ಕಟ್ಟಿದ ವರ್ಕ್‌ಶಾಪ್ ಕಣೇ ಇದು!" ಅವನು ಕಿರುಚಿದ. "ಮೂಗಿಗೆ ವಾಸನೆ ಬಡೀತು ಅಂತ ಬೀದಿಗೆ ಹಾಕ್ತಾನಂತೆ! ಬೇಡವೇ ಬೇಡ ಅಂದ ವಾಸನೆ, ಎದೆ ತುಂಬ ಕುಡಿಸ್ದೆ."

ಇನ್‌ಸ್ಪೆಕ್ಟರ್ ಮುಂದೆ ಬಂದರು. ಅವನು ಡಬ್ಬಿ ಒದ್ದು ಬಾಗಿಲಿನತ್ತ ಹಾರಿದ. ಆಗ ನಾನು ಏನು ಮಾಡಿದೆ? ಸಿಂಹದಂತೆ ಘರ್ಜಿಸಿದೆ. ಗಾಳಿಯಲ್ಲಿ ಎರಡು ಸುತ್ತು ತಿರುಗಿದೆ. ಅವನ ಮೊಣಕಾಲಿಗೆ ಅಡ್ಡ ಎರಗಿ ನೆಲಕ್ಕೆ ಕೆಡವಿದೆ. ಇನ್‌ಸ್ಪೆಕ್ಟರ್ ಕೋಳ ಹಾಕಿದರು. ನಿದ್ದೆ ಅಕ್ಕ ಕೈಮುಗಿದು, "ಅಣ್ಣಾ, ನೀವಿಲ್ಲದಿದ್ರೆ..." ಎಂದಳು. ಮುಂದೆ ಅವಳಿಗೆ ಮಾತು ಹೊರಡಲಿಲ್ಲ.

* * *

ಇಷ್ಟು ಬರೆದು ಪ್ರಯೋಗಾಲಯದ ಊಟದ ಮೇಜಿನಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಿದೆ. ಚಪ್ಪಾಳೆಗೆ ಕಾದೆ. ಬಾಗಿಲ ಬಳಿ ಯಾರೋ ಕೆಮ್ಮಿದರು. ಅಪ್ಪನ ವಸ್ತುಗಳನ್ನು ಒಯ್ಯಲು ಬಂದಿದ್ದ ನಿದ್ದೆ ಅಕ್ಕ. ಮತ್ತೆ ಕೆಲಸಕ್ಕೆ ಸೇರಿದ್ದಾಳೆ. ಆಸ್ಪತ್ರೆಯ ಹಸಿರು ಬಟ್ಟೆಯಲ್ಲೇ ಇದ್ದಳು.

"ನನಗೆ ಮಾತು ಹೊರಡಲಿಲ್ವಾ ಅಣ್ಣಾ?"

"ಭಾವಾವೇಶದಲ್ಲಿ ಮರೆತಿರ್ತೀಯಮ್ಮ," ಎಂದೆ.

"ಎರಡು ಸುತ್ತು ತಿರುಗಿದ್ದು ನಿಜ. ಆಮೇಲೆ?"

ಮೇಡಂ ಊಟದ ಡಬ್ಬಿ ಮುಚ್ಚಿದರು. "ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ. ಹೇಳಿಬಿಡಿ. ಶವಾಗಾರದಿಂದ ಶುರು ಮಾಡಿ."

ಸರಿ. ಶವಾಗಾರದ ಒಳಗೆ ನಾನು ಹೋಗಲಿಲ್ಲ. ಯಾವತ್ತೂ ಹೋಗಿಲ್ಲ. ಹೊರಗೆ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದೆ. ಮೀಸೆ ನೋಡಿದ್ದು ಮೇಡಂ. ಗೀಟು ಎಳೆಯದೆ ಪೆನ್ನು ನಿಲ್ಲಿಸಿದ್ದೂ ಮೇಡಂ, ನಾನು ಆಗ ಉಳಿದವರ ಜೊತೆ ನಗುತ್ತಿದ್ದೆ. ಈ ಇಡೀ ಪ್ರಕರಣದಲ್ಲಿ ನಾನು ಸ್ವಂತವಾಗಿ ಮಾಡಿದ್ದು ಕುರಿಯ ರಕ್ತ ತಂದದ್ದು.

"ವರ್ಕ್‌ಶಾಪು," ಎಂದಳು ನಿದ್ದೆ ಅಕ್ಕ.

ವರ್ಕ್‌ಶಾಪಿನಲ್ಲಿ ಮೇಡಂ ಅವನನ್ನು ಪ್ರಶ್ನಿಸುತ್ತಿದ್ದಾಗ ನಾನು ಪತ್ತೇದಾರನಂತೆ ಕಾಣಬೇಕೆಂದು ಆ ಡಬ್ಬಿಯ ಮೇಲೆ ಬಗ್ಗಿ ಆಳವಾಗಿ ಮೂಸಿದೆ. ಒಮ್ಮೆಯಲ್ಲ, ಪದೇ ಪದೇ. ತಲೆ ತಿರುಗಿತು. ಗಾಳಿಗೆಂದು ಬಾಗಿಲಿನತ್ತ ಹೋಗಿ ಹೊಸಿಲಿಗೆ ಅಡ್ಡ ಬಿದ್ದೆ. ಓಡಿಬಂದ ಕೊಲೆಗಾರ ನನ್ನನ್ನು ಎಡವಿದ. ಅಷ್ಟೇ ನನ್ನ ಸಿಂಹಗರ್ಜನೆ.

ಆಮೇಲಿನದನ್ನು ಬೇರೆಯವರ ಬಾಯಿಂದ ಕೇಳಿದ್ದೇನೆ. ಅವನು ಒದ್ದ ಡಬ್ಬಿ ನನ್ನ ಮುಖದ ಪಕ್ಕದಲ್ಲೇ ಚೆಲ್ಲಿ, ನನ್ನ ನಾಲಿಗೆ ಹಿಂದಕ್ಕೆ ಬಿದ್ದು ಉಸಿರು ಗೊರಗೊರ ಎನ್ನುತ್ತಿತ್ತಂತೆ. ನಿದ್ದೆ ಅಕ್ಕ ಪೇದೆಯ ಕೈ ಕೊಡವಿ ಮೆಟ್ಟಿಲಿಳಿದು ಬಂದಳಂತೆ. "ಅವರನ್ನ ಮುಟ್ಟಬೇಡ!" ಎಂದು ಇನ್‌ಸ್ಪೆಕ್ಟರ್ ಕೂಗಿದರಂತೆ. ಆಗಿನ್ನೂ ಕಾಗದದಲ್ಲಿ ಅವಳೇ ಆರೋಪಿ.

"ಆಮೇಲೆ ಹಿಡ್ಕೊಳ್ಳಿ ಸಾರ್, ಎಲ್ಲೂ ಓಡಿಹೋಗಲ್ಲ. ಮೊದಲು ಈ ಮನುಷ್ಯ ಉಸಿರಾಡ್ಲಿ," ಎಂದಳಂತೆ. ನನ್ನನ್ನು ಬೀದಿಗೆ ಎಳೆದು, ಗದ್ದ ಎತ್ತಿ ಹಿಡಿದು ಕೂತಳಂತೆ. "ಮಲಗಿಸೋದು ಯಾರಿಗಾದ್ರೂ ಬರುತ್ತೆ. ಎಬ್ಬಿಸೋದು ನಮ್ಮ ಕೆಲಸ."

ಇನ್‌ಸ್ಪೆಕ್ಟರ್ ಟೋಪಿ ತೆಗೆದು ನಿಂತರು ಎಂದು ಮೇಡಂ ಹೇಳುತ್ತಾರೆ. ಅದನ್ನು ನಾನು ಉಬ್ಬಿಸಿಲ್ಲ.

"ಎಚ್ಚರ ಆದ ಮೇಲೆ ಅಣ್ಣ ಒಂದು ಮಾತು ಹೇಳಿದ್ರು," ಎಂದಳು ನಿದ್ದೆ ಅಕ್ಕ, ಮೇಜಿನ ಸುತ್ತ ಎಲ್ಲರನ್ನೂ ನೋಡಿ. "ಹೇಳ್ತೀರಾ, ನಾನೇ ಹೇಳ್ಲಾ?"

"ಕೊಲೆಗಾರ ಸಿಕ್ಕಿದನಾ ಅಂತ ಕೇಳಿದೆ," ಎಂದೆ.

ಅವಳು ಹುಬ್ಬೇರಿಸಿದಳು. ಮೇಡಂ ಕನ್ನಡಕ ತೆಗೆದು ಒರೆಸತೊಡಗಿದರು.

"ಆಯ್ತು, ಆಯ್ತು," ಎಂದೆ. "ಅವಳ ಕೈ ಗಟ್ಟಿಯಾಗಿ ಹಿಡ್ಕೊಂಡು, 'ಅಮ್ಮಾ, ಇವತ್ತು ಸ್ಕೂಲಿಗೆ ಹೋಗಲ್ಲ' ಅಂದೆ."